ಎರಡು ಎಸಳುಗಳ ಮಹಾಸಮರ

ಕೃತಯುಗವು ಕಳೆದು, ತ್ರೇತೆ ಉರುಳಿ, ದ್ವಾಪರವು ಮುಗಿದು, ಭಕ್ತರು ಕೂಗಿದ ಮರುಗಳಿಗೆಗೆ ದೇವತೆಗಳು ಪ್ರತ್ಯಕ್ಷರಾಗುತ್ತಿದ್ದ ಸುಕಾಲವೆಲ್ಲ ಕಥೆಯಾಗಿ ಹೋದ ಮೇಲೆ, ಗುಂಡಿ ಒತ್ತಿದರೆ ಬೆಳಕು, ತಿರುವಿದರೆ ನೀರು, ಮುಟ್ಟಿದರೆ ಮಾತು ಬರುವ ಈ ಕಲಿಯುಗದಲ್ಲಿ, ಸಕಲವೂ ಬೇಗಬೇಗನೆ ಆಗುತ್ತಿದ್ದರೂ ದೇವರ ಉತ್ತರವೊಂದು ಮಾತ್ರ ತನ್ನ ಹಳೆಯ ನಡಿಗೆಯಲ್ಲೇ ಬರುತ್ತಿರುವ ವಿಚಿತ್ರ ಕಾಲದಲ್ಲಿ, ಕಾವೇರಿಯ ನಾಲೆಯ ನೀರು ಕುಡಿದು ಕಬ್ಬು ಬೆಳೆಯುವ ಕೆಮ್ಮಣ್ಣುಕೊಪ್ಪಲೆಂಬ ಊರಿನಲ್ಲಿ ಮಹಾಸಮರವೊಂದು ನಡೆಯಿತು. ಕೇಳಿರವ್ವ, ಕೇಳಿರಪ್ಪ, ಎಲೆಯಡಿಕೆ ಹಾಕಿಕೊಂಡು ನಿಧಾನವಾಗಿ ಕೇಳಿರಿ. ಅವಸರಪಟ್ಟವರಿಗೆ ಈ ಕಥೆ ದಕ್ಕುವುದಿಲ್ಲ.

ತಾಯಿ ಶಾರದೆ, ವೀಣೆಯನ್ನು ಪಕ್ಕಕ್ಕಿಟ್ಟು ಒಂದು ಗಳಿಗೆ ನನ್ನ ನಾಲಗೆಯ ಮೇಲೆ ಕೂರು. ಆನೆ ಕುದುರೆ ರಥಗಳ ಯುದ್ಧವನ್ನು ದೊಡ್ಡವರು ಹಾಡಿ ಮುಗಿಸಿದ್ದಾರೆ. ಚಾಪೆಯ ಮೇಲೆ ಕೂತು ಮಾಡಿದ ಯುದ್ಧ ನನ್ನ ಪಾಲಿಗೆ ಉಳಿದಿದೆ.

ಆ ಊರಿನಲ್ಲಿ ಅರ್ಧಪಕ್ವಮುದ್ದಾವತಾರಿಣಿಯೂ, ಘನೀಭವನಪೂರ್ವದಧಿಪಿಧಾನೋದ್ಘಾಟಿನಿಯೂ, ಅಸ್ಥಗಿತವಾಹನಾವರೋಹಣಸಾಹಸಿಯೂ ಆದ ಪುಟ್ಟಲಿಂಗಮ್ಮನೆಂಬ ವೀರಮಾತೆಯು ನೆಲಸಿದ್ದಳು. ಹಾಗೆಂದರೇನೆಂದು ಕೇಳುವಿರಾದರೆ, ಮುದ್ದೆ ಬೇಯುವ ಮೊದಲೇ ಒಲೆಯಿಂದ ಇಳಿಸುವವಳು, ಹಾಲು ಹೆಪ್ಪಾಗುವ ಮೊದಲೇ ಮುಚ್ಚಳ ತೆಗೆದು ನೋಡುವವಳು, ಬಸ್ಸು ನಿಲ್ಲುವ ಮೊದಲೇ ಇಳಿದು ಕಂಡಕ್ಟರನ ಎದೆ ನಡುಗಿಸುವವಳು. ಕಾಯುವುದೆಂಬ ವಿದ್ಯೆಯೊಂದನ್ನು ಬಿಟ್ಟು ಮಿಕ್ಕ ಅರುವತ್ತಮೂರು ವಿದ್ಯೆಗಳಲ್ಲಿಯೂ ಆಕೆ ಪಾರಂಗತೆಯಾಗಿದ್ದಳು.

ಇಂಥವಳು ಇಡೀ ಬದುಕಿನಲ್ಲಿ ಒಂದೇ ಒಂದಕ್ಕೆ ಕಾದಿದ್ದಳು. ಅದೂ ಬಯಸಿ ಕಾದದ್ದಲ್ಲ, ಬೇರೆ ದಾರಿ ಇಲ್ಲದೆ. ಆಕೆ ಮದುವೆಯಾಗಿ ಬಂದಾಗ ಆಕೆಯ ಅತ್ತೆ ಬೋರಮ್ಮ, ಸೊಸೆ ಇಳಿಸಿದ ಹಸಿಹಿಟ್ಟಿನ ಮುದ್ದೆಯನ್ನು ಒಂದು ಮಾತೂ ಆಡದೆ ನುಂಗಿ, ನೀರು ಕುಡಿದು, "ನಾಳೆ ಇನ್ನೊಂಚೂರು ಬೇಯ್ಲಿ ಕಣವ್ವ" ಎಂದಷ್ಟೇ ಹೇಳುತ್ತಿದ್ದ ಮಹಾತಾಯಿ. ಆ ಅತ್ತೆ ಕಣ್ಣು ಮುಚ್ಚುವಾಗ ಸೊಸೆಯ ಕೈ ಹಿಡಿದು, "ನನ್ನೆಸ್ರ ಒಂದು ಹೆಣ್ಣುಕೂಸಿಗೆ ಇಡವ್ವ" ಎಂದು ಕೇಳಿದ್ದಳು. ಪುಟ್ಟಲಿಂಗಮ್ಮ ಆಗಲೆಂದಳು. ಆಮೇಲೆ ಹುಟ್ಟಿದ್ದೆಲ್ಲ ಗಂಡು. ಆ ಗಂಡುಗಳಿಗೆ ಹುಟ್ಟಿದ್ದೂ ಗಂಡು. ಊರ ಹೊರಗಿನ ಹೊಂಗೆಮರದಮ್ಮನೆಂಬ ದೇವಿಗೆ ಶುಕ್ರವಾರ ಶುಕ್ರವಾರ ದೀಪ ಹಚ್ಚಿ, "ಯಾವಾಗವ್ವ? ಯಾವಾಗವ್ವ?" ಎಂದು ಆಕೆ ಪೀಡಿಸದ ವಾರವಿಲ್ಲ. ಅಮ್ಮ ತುಟಿ ಬಿಚ್ಚಲಿಲ್ಲ. ತಲೆಯೆಲ್ಲ ಬೆಳ್ಳಗಾದ ಮೇಲೆ, ಕಿರಿಯ ಮಗನ ಹೆಂಡತಿ ಲತಾಮಣಿಯ ಹೊಟ್ಟೆಯಲ್ಲಿ ಕೊನೆಗೊಂದು ಹೆಣ್ಣುಕೂಸು ಹುಟ್ಟಿತು.

ಆದರೆ ಹಾ, ವಿಧಿಯೇ! ವರ ಕೊಟ್ಟ ದೇವಿಯು ವರದ ಜೊತೆಗೆ ಒಬ್ಬ ಬೀಗಿತ್ತಿಯನ್ನೂ ಕೊಟ್ಟಿದ್ದಳು.

ಲತಾಮಣಿಯ ತಾಯಿ ಸಣ್ಣತಾಯಮ್ಮನು ಮಂದಗಮನೆ, ಮಂದಹಾಸವದನೆ, ತಾಂಬೂಲಚರ್ವಣಧುರಂಧರೆ. ಆಕೆ ಒಂದು ಎಲೆಗೆ ಸುಣ್ಣ ಸವರಿ ಮುಗಿಸುವಷ್ಟರಲ್ಲಿ ಪುಟ್ಟಲಿಂಗಮ್ಮ ಮೂರು ಮನೆಯ ಕಸ ಗುಡಿಸಿಯಾಳು. ಮಗಳ ಬಾಣಂತನ ಮುಗಿಸಿ, ಐದು ತಿಂಗಳ ಕೂಸನ್ನು ಎತ್ತಿಕೊಂಡು, ಮಗಳನ್ನು ಗಂಡನ ಮನೆಗೆ ಬಿಡಲು ಬಂದ ಆಕೆ, ಸೋಮವಾರ ನಡೆಯಬೇಕಿದ್ದ ತೊಟ್ಟಿಲ ಶಾಸ್ತ್ರದಲ್ಲಿ ಕೂಸಿಗೆ ತನ್ನ ತಾಯಿ ನಿಂಗಾಜಮ್ಮನ ಹೆಸರನ್ನೇ ಇಡತಕ್ಕದ್ದೆಂದು, ಕಾಲು ತೊಳೆದುಕೊಳ್ಳುವಾಗಲೇ ನಗುನಗುತ್ತ ಹೇಳಿಬಿಟ್ಟಳು.

ಆಗ ಪುಟ್ಟಲಿಂಗಮ್ಮನ ಕಣ್ಣುಗಳು ಪ್ರಳಯಕಾಲದ ಆಲೆಮನೆಯ ಒಲೆಗಳಂತೆ ಉರಿದವು. "ಎಲೈ ಬೀಗಿತ್ತಿಯೇ, ಮದೀಯ ಶ್ವಶ್ರೂದೇವಿಯ ಪವಿತ್ರ ನಾಮಧೇಯವು ಈ ಶಿಶುವಿನ ಕರ್ಣಕುಹರವನ್ನು ಪ್ರವೇಶಿಸದೆ ಹೋದಲ್ಲಿ, ಭಾಸ್ಕರನು ಪಡುವಣದಲ್ಲಿ ಉದಿಸಿಯಾನು, ಕನ್ನಂಬಾಡಿಯ ಜಲವು ಬೆನ್ನು ತಿರುಗಿಸಿ ಕೊಡಗನ್ನೇರೀತು!" ಎಂಬ ಅರ್ಥ ಬರುವಂತೆ ಆಕೆ ಆಡಿದ ಮಾತು ಇಷ್ಟು:

"ನೋಡಿ ಬೀಗಿತ್ತಿ, ನಮ್ಮತ್ತೆ ಹೆಸ್ರೇ ಇಡದು. ಅದ್ರಲ್ಲಿ ಮಾತಿಲ್ಲ."

ಸಣ್ಣತಾಯಮ್ಮನು ತುಟಿಯಂಚಿನ ಕೆಂಪನ್ನು ಬೆರಳಿನಿಂದ ಒರೆಸಿಕೊಂಡು, ಸಾವಿರ ಬಾಣಗಳನ್ನು ಒಂದೇ ಬತ್ತಳಿಕೆಯಿಂದ ತೆಗೆಯುವವಳಂತೆ ಹೇಳಿದಳು:

"ಆಯ್ತು ಬುಡಿ ಅಕ್ಕ, ನಾನೇನ್ ಬ್ಯಾಡ ಅಂದ್ನಾ? ನಿಮ್ಮತ್ತೆ ಹೆಸ್ರ ನಿಮ್ಮ ಎಮ್ಮೆಗಿಡಿ. ಅದೂ ಹೆಣ್ಣೇಯ. ಮಗೀಗೆ ನಮ್ಮವ್ವನ ಹೆಸ್ರು."

ಅಲ್ಲಿಂದ ಮುಂದೆ ಉಭಯ ಸೇನೆಗಳ ನಡುವೆ ಹಾರಿದ ವಾಗ್ಬಾಣಗಳನ್ನು ವರ್ಣಿಸಲು ಆದಿಶೇಷನಿಗೂ ನಾಲಗೆ ಸಾಲದು. ಬೋರಮ್ಮ ನೆಟ್ಟ ಮಾವಿನಮರ, ನಿಂಗಾಜಮ್ಮ ಹಿಡಿದ ಹೆರಿಗೆಗಳು, ಬೋರಮ್ಮನ ಮೂಗಿನ ಉದ್ದ, ನಿಂಗಾಜಮ್ಮನ ಗೊರಕೆ, ಸತ್ತು ಸ್ವರ್ಗದಲ್ಲಿ ಸುಮ್ಮನೆ ಕೂತಿದ್ದ ಇಬ್ಬರು ಮುದುಕಿಯರೂ ಅಂದು ಕೆಮ್ಮಣ್ಣುಕೊಪ್ಪಲಿನ ಜಗಲಿಯ ಮೇಲೆ ಬಂದು ಏಟು ತಿಂದರು. ಕೂಸು ಚೀರಿತು. ಆಗ ನಡುಮನೆಯಿಂದ ಲತಾಮಣಿ ಹೊರಬಂದಳು.

"ಅವ್ವ, ಅತ್ತೆ, ಇಬ್ರೂ ಕೇಳಿ. ಸ್ಕೂಲಿಗೆ ನಾವೇನೋ ಒಂದ್ ಹೆಸ್ರು ಇಟ್ಕತೀವಿ. ತೊಟ್ಲಲ್ಲಿ ಕಿವಿಗೆ ಹೇಳೋದು ಒಂದೇ ಹೆಸ್ರು. ಅದ್ಯಾವ್ದು ಅಂತ ಹೋಗಿ ಹೊಂಗೆಮರದಮ್ಮನ್ನೇ ಕೇಳ್ಕಂಬನ್ನಿ. ನನ್ನ ತಲೆ ತಿನ್ಬ್ಯಾಡಿ."

ಹೀಗೆ ಧರ್ಮಯುದ್ಧವು ನಿಶ್ಚಯವಾಯಿತು.

ಹೊಂಗೆಮರದಮ್ಮನ ಗುಡಿಯಲ್ಲಿ ಹೂ ಕೇಳುವ ಪದ್ಧತಿ ಹಿಂದಿನಿಂದ ಬಂದದ್ದು. ಪೂಜಾರಿಯು ನೀರಲ್ಲಿ ಅದ್ದಿದ ಸೇವಂತಿಗೆಯ ಎಸಳನ್ನು ಅಮ್ಮನ ಎರಡು ಭುಜಗಳಿಗೂ ಒಂದೊಂದು ಅಂಟಿಸುತ್ತಾನೆ. ಕೇಳುವವರು ಎದುರಿನ ಚಾಪೆಯ ಮೇಲೆ ಕೂತು ಕಾಯುತ್ತಾರೆ. ಯಾವ ಕಡೆಯ ಎಸಳು ಮೊದಲು ಬೀಳುವುದೋ ಅದೇ ಅಮ್ಮನ ಮಾತು. ಎಸಳು ಬೀಳುವ ತನಕ ಕೂತವರು ಏಳುವಂತಿಲ್ಲ, ಪೂಜಾರಿ ಬಾಗಿಲು ಹಾಕುವಂತಿಲ್ಲ. ಎದ್ದವರ ಕೇಳಿಕೆ ಬಿದ್ದುಹೋಯಿತೆಂದು ಲೆಕ್ಕ.

ಶುಕ್ರವಾರ ಬೆಳಗ್ಗೆ ಪೂಜೆಯ ಹೊತ್ತಿಗೆ ವೀರಮಾತೆಯರಿಬ್ಬರೂ ಪಟ್ಟೆಸೀರೆಯೆಂಬ ಕವಚಗಳನ್ನು ಧರಿಸಿ ರಣಾಂಗಣಕ್ಕೆ ಬಂದರು. ಕೂಸನ್ನೆತ್ತಿಕೊಂಡು ಲತಾಮಣಿ ಹಿಂದೆ ಬಂದಳು.

"ಬಲಗಡೆ ಬಿದ್ರೆ ಬೋರಮ್ಮ, ಎಡಗಡೆ ಬಿದ್ರೆ ನಿಂಗಾಜಮ್ಮ" ಎಂದು ಪೂಜಾರಿ ಗವಿಯಪ್ಪ ಸಾರಿದನು. "ಬಲ ಅಂದ್ರೆ ಅಮ್ಮನ ಬಲಗೈ ಕಡೆ. ಆಮ್ಯಾಕೆ ನನ್ನ ಜುಟ್ಟು ಹಿಡೀಬ್ಯಾಡಿ."

ಬಾಯಿಂದ ಹೀಗೆ ಗಂಭೀರವಾಗಿ ಸಾರಿದರೂ ಗವಿಯಪ್ಪನ ಒಳಗಿನ ಲೆಕ್ಕ ಬೇರೆಯೇ ಇತ್ತು. ಬಲಕ್ಕೆ ಬಿದ್ದರೆ ಸಣ್ಣತಾಯಮ್ಮನ ನಗುವನ್ನು ಎದುರಿಸಬೇಕು. ಎಡಕ್ಕೆ ಬಿದ್ದರೆ ಪುಟ್ಟಲಿಂಗಮ್ಮನ ನೆರೆಹೊರೆಯಲ್ಲಿ ಬಾಳಬೇಕು. ಆದ್ದರಿಂದ ಆ ಭೀರುಶಿಖಾಮಣಿಯು, ತಂಬಿಟ್ಟಿಗೆಂದು ಕಾಸಿಟ್ಟಿದ್ದ ಬೆಲ್ಲದ ಪಾಕದಲ್ಲಿ ಬೆರಳದ್ದಿ, ಯಾರೂ ಕಾಣದಂತೆ ಎರಡೂ ಎಸಳುಗಳ ಬೆನ್ನಿಗೆ ಸವರಿ, ಅಮ್ಮನ ಭುಜಗಳಿಗೆ ಒತ್ತಿಬಿಟ್ಟನು. ಎಸಳು ಎಂದೆಂದಿಗೂ ಬೀಳುವುದಿಲ್ಲ, ಅವಸರದ ಮುದುಕಿ ಬೇಸತ್ತು ಎದ್ದುಹೋಗುತ್ತಾಳೆ, ನಿಧಾನದ ಮುದುಕಿ ಹಿಂದೆಯೇ ನಡೆಯುತ್ತಾಳೆ, ತಾನು ಬಾಗಿಲು ಹಾಕಿಕೊಂಡು ಮನೆಗೆ ಹೋಗಿ ಹಿತಕಿದವರೆಯ ಸಾರು ಉಣ್ಣಬಹುದು ಎಂಬುದು ಆತನ ವ್ಯೂಹ. ಮೋಸ ಮಾಡುವವನು ತನ್ನ ಎದುರಾಳಿ ಎಷ್ಟು ಹೊತ್ತು ಕೂರಬಲ್ಲಳೆಂದು ಅಳೆದು ನೋಡಬೇಕಿತ್ತು.

ಸಮರ ಮೊದಲಾಯಿತು. ಅಂದರೆ, ಇಬ್ಬರೂ ಕೂತರು.

ಮಂಗಳಾರತಿಯ ಹೊಗೆ ಇಳಿಯುವ ಮೊದಲೇ ಪುಟ್ಟಲಿಂಗಮ್ಮನ ಮೊಣಕಾಲು ಕುಣಿಯತೊಡಗಿತು. "ಕೊಡವ್ವ. ಬೇಗ ಕೊಡವ್ವ. ಬಲಕ್ಕೆ ಕೊಡವ್ವ" ಎಂದು ಆಕೆ ಅಮ್ಮನನ್ನು ಹಾಲಿನವನನ್ನು ಗದರಿಸುವಂತೆ ಗದರಿಸಿದಳು. ಅಮ್ಮ ಅಲುಗಲಿಲ್ಲ. ಪುಟ್ಟಲಿಂಗಮ್ಮ ಸೆರಗಿನಿಂದ ಗಾಳಿ ಹಾಕಿದಳು; ದೀಪವಾಡಿತೇ ವಿನಾ ಎಸಳಾಡಲಿಲ್ಲ.

"ಗಾಳಿ ಹಾಕದು ಮೋಸ ಕಣಕ್ಕ" ಎಂದಳು ಸಣ್ಣತಾಯಮ್ಮ.

"ಸೆಕೆ ಬೀಗಿತ್ತಿ, ಸೆಕೆ. ಸೆಕೆಗೂ ನಿಮ್ಮನ್ನ ಕೇಳ್ಬೇಕಾ?"

"ಸೆಕೆಯಾದ್ರೆ ಮೋರೆಗೆ ಹಾಕ್ಕಳಿ. ಅಮ್ಮನ ಭುಜಕ್ಕೆ ಯಾಕೆ ಬೀಸ್ತೀರಿ?"

ಆ ಗಾಳಿಯ ಅಸ್ತ್ರಕ್ಕೆ ಪ್ರತಿಯಾಗಿ ಸಣ್ಣತಾಯಮ್ಮನು ಒಂದು ಭಯಂಕರ ಸೀನನ್ನು ಸೀನಿದಳು. ಘಂಟೆಯ ನಾಲಗೆ ಮಿಡಿಯಿತು, ಮೂಲೆಯ ಹಲ್ಲಿ ಸ್ಥಾನಪಲ್ಲಟ ಮಾಡಿತು, ಗವಿಯಪ್ಪನ ಕೈಯ ತೀರ್ಥ ಚೆಲ್ಲಿತು. ಎಸಳುಗಳು ಮೇರುಪರ್ವತದಂತೆ ನಿಂತವು.

"ಸೀನೂ ಮೋಸವೇಯ" ಎಂದಳು ಪುಟ್ಟಲಿಂಗಮ್ಮ.

ಬಿಸಿಲು ಹೊಸಲು ದಾಟಿ ಒಳಗೆ ಬಂದಿತು. ಪೂಜೆಗೆ ಬಂದವರು ಬಂದರು, ಹೋದರು. ಹೊರಗಿನ ಕಟ್ಟೆಯ ಮೇಲೆ ಕೂತಿದ್ದ ಲತಾಮಣಿ ಕೂಸಿಗೆ ಹಾಲು ಕುಡಿಸಿ ಒಳಗೆ ತಂದು, ಸೊಂಟ ನೋವೆಂದು ಅದನ್ನು ಅಜ್ಜಿಯರ ನಡುವೆ ಚಾಪೆಯ ಮೇಲೆ ಮಲಗಿಸಿ ಹೊರಟುಹೋದಳು. ಪುಟ್ಟಲಿಂಗಮ್ಮ ಗಬಕ್ಕನೆ ಅದನ್ನು ಎತ್ತಿಕೊಂಡಳು. ಎತ್ತಿಕೊಂಡದ್ದೇ ತಡ, ಕೂಸು ಪಾಂಚಜನ್ಯವನ್ನು ಮೀರಿಸುವಂತೆ ಅರಚಿತು. ಆಕೆ ಕುಣಿಸಿದಳು, ಚಿಟಿಕೆ ಹಾಕಿದಳು, ಬಳೆ ಆಡಿಸಿದಳು, ಲೊಚಗುಟ್ಟಿದಳು, ಈ ಭುಜದಿಂದ ಆ ಭುಜಕ್ಕೆ ಹಾಕಿದಳು. ಕೂಸು ಮೈಯನ್ನು ಬಿಲ್ಲಿನಂತೆ ಬಾಗಿಸಿ ಸಣ್ಣತಾಯಮ್ಮನ ಕಡೆಗೆ ಎರಡೂ ಕೈ ಚಾಚಿತು.

ಆ ಗಳಿಗೆಯಲ್ಲಿ ವೀರಮಾತೆಗೆ ತಾಗಿದ ಗಾಯವನ್ನು ಯಾವ ಬಾಣವೂ ಮಾಡಲಾರದು. ಬಂದಾಗಿನಿಂದ ಹೀಗೇ ಆಗುತ್ತಿತ್ತು. ಇಡೀ ಆಯುಸ್ಸು ಬೇಡಿಕೊಂಡ ಕೂಸು ಬೇರೊಬ್ಬಳ ಮಡಿಲಲ್ಲಿ ಮಾತ್ರ ಸುಮ್ಮನಾಗುತ್ತಿತ್ತು.

"ತಗಳಿ" ಎಂದು ಆಕೆ ಕೂಸನ್ನು ಕೊಟ್ಟುಬಿಟ್ಟಳು. ಕೊಟ್ಟವಳು ಅಮ್ಮನ ಕಡೆ ಮುಖ ಮಾಡಿ ಕೂತಳು. ಮೊಣಕಾಲು ಕುಣಿಯುವುದನ್ನು ನಿಲ್ಲಿಸಿತ್ತು. "ಕೊಡವ್ವ" ಎಂದೂ ಅನ್ನಲಿಲ್ಲ.

ಸಣ್ಣತಾಯಮ್ಮ ಓರೆಗಣ್ಣಿನಿಂದ ನೋಡಿದಳು. ಒಂದು ಎಲೆಗೆ ಸುಣ್ಣ ಸವರಿ, ಅಡಿಕೆಯಿಟ್ಟು, ಮಡಿಸಿ, ಆ ಕಡೆಗೆ ಚಾಚಿದಳು. ಎದುರಾಳಿ ತೆಗೆದುಕೊಂಡಳು. ಯುದ್ಧದ ನಡುವೆ ತಾಂಬೂಲಕ್ಕೆ ಅಡ್ಡಿಯಿಲ್ಲ.

"ಅಕ್ಕ, ಒಂದ್ ಮಾತು ಹೇಳಾನಾ? ತೆಪ್ಪು ತಿಳ್ಕಬ್ಯಾಡಿ."

"ಹೇಳಿ. ನೀವ್ ಹೇಳ್ದೆ ಇರೋ ಪೈಕಿಯಾ?"

"ನೀವು ಕುಣ್ಸದು ಜಾಸ್ತಿಯಾಯ್ತದೆ. ಮಗು ನಮ್ ಮೊಕ ನೋಡ್ಕಬೇಕು, ವಾಸನೆ ಹಿಡೀಬೇಕು. ಅದ್ರ ಪಾಡಿಗೆ ಬುಡಿ. ಮಡ್ಲು ಹಾಸ್ಕಂಡು ಸುಮ್ನೆ ಕುಂತ್ಕಳಿ. ಅವಳೇ ಬತ್ತಾಳೆ."

"ಬರ್ದೆ ಹೋದ್ರೆ?"

"ಇನ್ನೊಂಚೂರು ಕುಂತ್ಕಳಿ."

ಇದಕ್ಕಿಂತ ಕಠೋರವಾದ ಅಸ್ತ್ರವನ್ನು ಪುಟ್ಟಲಿಂಗಮ್ಮನ ಮೇಲೆ ಯಾರೂ ಪ್ರಯೋಗಿಸಿರಲಿಲ್ಲ. ಆದರೂ ಏಳುವಂತಿರಲಿಲ್ಲವಾಗಿ, ಆಕೆ ಮಡಿಲು ಹಾಸಿ ಸುಮ್ಮನೆ ಕೂತಳು. ಸಣ್ಣತಾಯಮ್ಮನು ಕೂಸನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿದಳು. ಕೂಸು ಮಗ್ಗುಲಾಯಿತು. ತನ್ನ ಹೆಬ್ಬೆರಳನ್ನು ಪರೀಕ್ಷಿಸಿತು. ಪುಟ್ಟಲಿಂಗಮ್ಮನ ಕೈ ಎರಡು ಸಲ ತಾನಾಗಿ ಮುಂದೆ ಹೋಯಿತು. ಎರಡು ಸಲವೂ ಆಕೆ ಅದನ್ನು ಬಿಗಿಹಿಡಿದು ಹಿಂದಕ್ಕೆ ಎಳೆದುಕೊಂಡಳು. ಮದಿಸಿದ ಆನೆಗಳನ್ನು ಹಿಡಿದವರುಂಟು, ಹರಿಯುವ ಹೊಳೆಗೆ ಕಟ್ಟೆ ಹಾಕಿದವರುಂಟು. ತನ್ನ ಕೈಯನ್ನು ತಾನೇ ಹಿಡಿದು ಕೂತ ಮುದುಕಿಯ ಬಲವನ್ನು ಅಳೆದವರಾರು?

ಇತ್ತ ಕಥೆ ಹೀಗಿರಲು, ಅತ್ತ ಗರ್ಭಗುಡಿಯ ಕಲ್ಲಿನ ಬಿರುಕಿನಿಂದ ಮೂರನೆಯ ಸೈನ್ಯವೊಂದು ಹೊರಟಿತು. ಕೃಷ್ಣವರ್ಣದ, ಷಟ್ಪಾದದ, ಕ್ಷೀಣಕಟಿಯ, ಗುಡಘ್ರಾಣೋನ್ಮತ್ತವಾದ ಪಿಪೀಲಿಕಾ ಅಕ್ಷೌಹಿಣಿಯು ಅಮ್ಮನ ಪಾದಪೀಠವನ್ನೇರಿ, ಸೀರೆಯ ನಿರಿಗೆಯ ಕಣಿವೆಗಳನ್ನು ದಾಟಿ, ಸೊಂಟದ ಡಾಬಿನ ಮೇಲೆ ಸಾಲುಗಟ್ಟಿ ಏರತೊಡಗಿತು. ಬರೀ ಕಟ್ಟಿರುವೆ, ತಾಯಂದಿರೇ. ನಮ್ಮ ನಿಮ್ಮ ಸಕ್ಕರೆ ಡಬ್ಬಿಗೆ ಬರುವಂಥವೇ.

ಮೊದಲು ಕಂಡವಳು ಸಣ್ಣತಾಯಮ್ಮ. "ಗವಿಯಪ್ಪ" ಎಂದು ಜೇನಿನಂಥ ದನಿಯಲ್ಲಿ ಕರೆದಳು, "ಅಮ್ಮನ ಮೈ ಮ್ಯಾಲೆ ಇರುವೆ ಯಾಕಪ್ಪ ಹತ್ತಾವೆ?"

ಹಸಿದು ಕಂಗೆಟ್ಟು ಕಂಬಕ್ಕೊರಗಿದ್ದ ಗವಿಯಪ್ಪನ ಮುಖ ವಿಭೂತಿಗಿಂತ ಬೆಳ್ಳಗಾಯಿತು. "ಅದು... ತಂಬಿಟ್ಟಿನ ಪಾಕ ಕನ್ರವ್ವ... ಕೈಗಂಟಿತ್ತು..."

"ಕೈಗಂಟಿತ್ತಾ, ನೀನೇ ಅಂಟಿಸ್ದಾ?" ಎಂದಳು ಪುಟ್ಟಲಿಂಗಮ್ಮ.

"ತೆಪ್ಪಾಯ್ತು ಕನ್ರವ್ವ! ನಿಮ್ಮಿಬ್ಬರ ನಡುವೆ ನಾನೊಬ್ಬ ಬಡಪಾಯಿ! ಕಿತ್ತು ಬ್ಯಾರೆ ಅಂಟಿಸ್ಲಾ?"

ಇಡೀ ಕೆಮ್ಮಣ್ಣುಕೊಪ್ಪಲು ಕೇಳುವಂತೆ ಆತನ ಏಳು ತಲೆಮಾರನ್ನು ಉದ್ಧರಿಸಲು ಪುಟ್ಟಲಿಂಗಮ್ಮ ಉಸಿರೆಳೆದುಕೊಂಡಳು. ಅಷ್ಟರಲ್ಲಿ ಮಡಿಲಲ್ಲಿ ಏನೋ ಬೆಚ್ಚಗಾಯಿತು. ಕೆಳಗೆ ನೋಡಿದರೆ, ಹೊರಳಿ ಹೊರಳಿ ಬಂದ ಕೂಸು ಆಕೆಯ ತೊಡೆಗೆ ಕೆನ್ನೆಯೊತ್ತಿ, ಸೀರೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಬಾಯಿಗಿಟ್ಟುಕೊಂಡಿತ್ತು. ಅರಚಲಿಲ್ಲ. ಒಮ್ಮೆ ಮುಖ ನೋಡಿತು. ಪರವಾಗಿಲ್ಲ ಎನ್ನುವಂತೆ ಕಣ್ಣು ಮುಚ್ಚಿತು.

ಎಳೆದುಕೊಂಡ ಉಸಿರನ್ನು ಆಕೆ ಮೆಲ್ಲಗೆ, ಬಲು ಮೆಲ್ಲಗೆ ಬಿಟ್ಟಳು.

"ಬ್ಯಾಡ ಕಣ್ ಗವಿಯಪ್ಪ" ಎಂದು ಪಿಸುಗುಟ್ಟಿದಳು. "ಇರುವೆನೂ ಅಮ್ಮಂದೇಯ. ಹೆಂಗ್ ಬೀಳ್ತದೋ ಬೀಳ್ಲಿ. ಇರ್ತೀವಿ."

ಗವಿಯಪ್ಪನಿಗೆ ತನ್ನ ಕಿವಿಯನ್ನು ನಂಬಲಾಗಲಿಲ್ಲ. ನಂಬಿದ ಮೇಲೆ, ಸಾರಿನ ನೆನಪಾಗಿ ಕಣ್ಣಲ್ಲಿ ನೀರು ಬಂತು.

ಈಗ ಡಾಬಿನ ಬಳಿ ಸೇನೆಯು ಎರಡಾಗಿ ಒಡೆಯಿತು. ಒಂದು ಪಡೆ ಬಲಭುಜಕ್ಕೆ, ಒಂದು ಪಡೆ ಎಡಭುಜಕ್ಕೆ. ಬೀಗಿತ್ತಿಯರಿಬ್ಬರೂ ಕತ್ತು ಚಾಚಿದರು.

"ನಿಮ್ಮವು ಸೋಂಬೇರಿಗಳು ಅಕ್ಕ. ತಾಳಿ ಹತ್ರನೇ ನಿಂತ್ಕಂಡವೆ" ಎಂದು ಸಣ್ಣತಾಯಮ್ಮ ಪಿಸುಗುಟ್ಟಿದಳು.

"ನಿಮ್ಮವು ದಾರಿ ತಪ್ಪವೆ ನೋಡಿ, ಮೂಗುತಿ ಕಡಿಕೆ ಹೊಂಟವೆ. ನಿಮ್ಮೂರ್ ಕಡೆಯವೇ ಇರ್ಬೇಕು."

"ಮೆಲ್ಲಗೆ! ಮಗು ಮಲಗ್ಕಂಡದೆ."

ಎಡಪಡೆಯ ಮುಂದಾಳು ಎಸಳಿನ ತುದಿಯನ್ನು ಕಚ್ಚಿ ಎಳೆಯಿತು, ಎಸಳು ಅಲ್ಲಾಡಿತು, ಸಣ್ಣತಾಯಮ್ಮ ಮೊದಲ ಬಾರಿಗೆ ಅಗಿಯುವುದನ್ನು ನಿಲ್ಲಿಸಿದಳು. ಬಲಪಡೆಯು ಎಸಳಿನ ಕೆಳಗೆ ನುಗ್ಗಿ ಕಾಣದಂತಾಯಿತು. ಎಡದ ಎಸಳು ಅರ್ಧ ಬಿಟ್ಟುಕೊಂಡಿತು. ಪುಟ್ಟಲಿಂಗಮ್ಮ ಕಣ್ಣು ಮುಚ್ಚಿದಳು. ಒಂದು ಕ್ಷಣ ಅತ್ತೆಯ ಮುಖ ಕಂಡಿತು. ಕ್ಷಮಿಸು ಎನ್ನಬೇಕೆಂದುಕೊಂಡು ಕಣ್ಣು ಬಿಟ್ಟಾಗ, ಬಲಗಡೆಯ ಎಸಳು ಒಂದು ಕಟ್ಟಿರುವೆಯನ್ನು ಬೆನ್ನ ಮೇಲೆ ಕೂರಿಸಿಕೊಂಡು, ಪುಷ್ಪಕವಿಮಾನದಂತೆ ತೇಲುತ್ತ, ಅಮ್ಮನ ಬಲಪಾದದ ಪಕ್ಕಕ್ಕೆ ಇಳಿಯಿತು.

ಜಯ! ಜಯ! ದಿಕ್ಪಾಲಕರೇ ಕಿವಿ ಮುಚ್ಚಿಕೊಳ್ಳಿ! ಆಯುಷ್ಯವೆಲ್ಲ ಕೂಡಿಟ್ಟ ಜಯಘೋಷವು ಹೊಟ್ಟೆಯಿಂದೆದ್ದು, ಎದೆಯನ್ನು ತುಂಬಿ, ಗಂಟಲನ್ನು ಮುಟ್ಟಿ, ಬಾಯಿ ತೆರೆದು...

ಸಣ್ಣತಾಯಮ್ಮನ ಸುಣ್ಣದ ಕೈ ಆ ಬಾಯನ್ನು ಅಪ್ಪಳಿಸಿ ಮುಚ್ಚಿತು.

"ಶ್! ಬಿದ್ದದ್ದ ನಾನೂ ಕಂಡೆ. ಕಿರುಚ್ಬ್ಯಾಡಿ. ಎದ್ರೆ ಮತ್ತೆ ಮಲಗಾಕಿಲ್ಲ ಅವಳು."

ಪುಟ್ಟಲಿಂಗಮ್ಮ ತುಟಿಯ ಮೇಲೆ ಸುಣ್ಣ ಮೆತ್ತಿಕೊಂಡು ಕಣ್ಣರಳಿಸಿದಳು. ಮಡಿಲಲ್ಲಿ ಕೂಸು ಸೊರಸೊರ ಉಸಿರಾಡುತ್ತಿತ್ತು. ಗಂಟಲ ತನಕ ಬಂದ ಜಯಘೋಷವನ್ನು ಆಕೆ ಹಿಂದಕ್ಕೆ ನುಂಗಿದಳು. ದೇವಿಯ ಉತ್ತರಕ್ಕೆ ಕಾದದ್ದು ಒಂದು ತೂಕವಾದರೆ, ಉತ್ತರ ಬಂದ ಮೇಲೆ ಅದನ್ನು ಯಾರಿಗೂ ಹೇಳದೆ ಕೂತದ್ದು ಇನ್ನೊಂದು ತೂಕ. ಆದರೆ ಈ ಸಲ ಆಕೆ "ಯಾವಾಗವ್ವ" ಎಂದು ಅಮ್ಮನನ್ನು ಕೇಳಲಿಲ್ಲ. ಕೂಸಿನ ಕೆನ್ನೆಯ ಕೆಳಗೆ ಬೆವರಿದ ತೊಡೆಯನ್ನು ಅಲುಗಿಸದೆ, ನೊಣವೊಂದು ಬಂದರೆ ಕಣ್ಣಲ್ಲೇ ಗದರಿಸುತ್ತ ಕೂತಳು. ಸಣ್ಣತಾಯಮ್ಮನೂ ಕೂತಳು. ಒಮ್ಮೆ ಸೆರಗಿನಿಂದ ಕಣ್ಣಿನ ಮೂಲೆಯನ್ನು ಒತ್ತಿಕೊಂಡಳು, ಹೊಗೆಯೆಂದಳು. ಮಂಗಳಾರತಿಯ ಹೊಗೆ ಯಾವಾಗಲೋ ಆರಿತ್ತು.

"ನಿಮ್ಮವ್ವ" ಎಂದಳು ಪುಟ್ಟಲಿಂಗಮ್ಮ ಬಹಳ ಹೊತ್ತಿನ ಮೇಲೆ, "ಗೊರಕೆ ಹೊಡೀತಿದ್ರು ಅಂದ್ನಲ್ಲ. ಅದು ಬಾಯ್ಮಾತಿಗೆ ಅಂದದ್ದು."

"ಹೊಡೀತಿದ್ರು ಅಕ್ಕ. ಊರೇ ಎದ್ದು ಕೂರ್ತಿತ್ತು."

ಇಬ್ಬರೂ ಬಾಯಿಗೆ ಸೆರಗು ತುರುಕಿಕೊಂಡು ನಕ್ಕರು. ಹೊರಗಿನಿಂದ ಇಣುಕಿದ ಲತಾಮಣಿ, ಎಸಳಿನ್ನೂ ಬಿದ್ದಿಲ್ಲವೆಂದು ತಿಳಿದು, ನಿಟ್ಟುಸಿರುಬಿಟ್ಟು ಕಟ್ಟೆಗೆ ಮರಳಿದಳು. ಕಂಬಕ್ಕೊರಗಿದ ಗವಿಯಪ್ಪ ಯಾವಾಗಲೋ ನಿದ್ದೆ ಹೋಗಿದ್ದ.

ಕೊನೆಗೆ ಕೂಸು ಕಣ್ಣು ಬಿಟ್ಟಿತು. ಆಕಳಿಸಿತು. ತಾನು ಯಾರ ಮಡಿಲಲ್ಲಿದ್ದೇನೆಂದು ನೋಡಿ, ಅದನ್ನು ಒಪ್ಪಿಕೊಂಡು, ಯುಗಗಳ ಆ ಮಹಾವಿಜಯಕ್ಕೆ ತನ್ನ ಅಭಿಷೇಕವನ್ನು ಪಟ್ಟೆಸೀರೆಯ ಮೇಲೆ ಧಾರಾಳವಾಗಿ ನೆರವೇರಿಸಿತು.

ಪುಟ್ಟಲಿಂಗಮ್ಮ ಕೂಡಿಟ್ಟ ಘೋಷಣೆಗೆ ಬಾಯಿ ತೆರೆದಳು. ಅಷ್ಟರಲ್ಲಿ ಪಕ್ಕದಿಂದ ಸಣ್ಣತಾಯಮ್ಮ, ಹೊಲದಲ್ಲಿ ಎಮ್ಮೆ ಕರೆಯುವ ದನಿಯಲ್ಲಿ, ಹೊರಗೆ ಕೂಗಿದಳು:

"ಏ ಲತಾ! ಬಟ್ಟೆ ತಕ್ಕಂಬಾರೆ! ಬೋರಮ್ಮ ಉಚ್ಚೆ ಹುಯ್ಕಂಡವ್ಳೆ!"

ಹೀಗೆ ಆ ನಾಮಧೇಯವು ಸೋಮವಾರಕ್ಕೂ ಕಾಯದೆ, ತೊಟ್ಟಿಲೂ ಇಲ್ಲದೆ, ಗೆದ್ದವಳ ಬಾಯಿಂದಲೂ ಅಲ್ಲದೆ, ಸೋತವಳ ಬಾಯಿಂದ ಒದ್ದೆ ಬಟ್ಟೆಯ ನೆವದಲ್ಲಿ ಹೊರಬಿದ್ದಿತು. ಲತಾಮಣಿ ಓಡಿಬಂದಳು. ಗವಿಯಪ್ಪ ಬೆಚ್ಚಿಬಿದ್ದು, ನಿದ್ದೆಗಣ್ಣಲ್ಲೇ ಬಾಗಿಲ ಬೀಗ ಹುಡುಕಿದ. ಸಣ್ಣತಾಯಮ್ಮ ಎದ್ದು ನಿಂತು, "ಏಳಿ ಅಕ್ಕ, ಬಿರ್ರನೆ ಏಳಿ, ಹಸೀತದೆ" ಎಂದು ಕೈ ಚಾಚಿದಳು.

ವೀರಮಾತೆಯು ಆ ಕೈ ಹಿಡಿದಳು, ಏಳಲು ನೋಡಿದಳು, ಆಗಲಿಲ್ಲ.

"ಕಾಲು ಜೋಮು ಹಿಡಿದದೆ" ಎಂದಳು. "ವಸಿ ತಡೀರಿ."